ಡಬ್ಬಿಯ ಬಾಯಿಗೆ ಕೆಂಪು ಚುಕ್ಕೆ

ಬೆಳಿಗ್ಗೆ ಹತ್ತೂಕಾಲಿಗೆ ಟೈಲರ್ ಹೆಂಗಸೊಬ್ಬಳು ಗಂಡನನ್ನು ಮುಂದೆ ಮಾಡಿಕೊಂಡು ಠಾಣೆಯ ಮೆಟ್ಟಿಲು ಹತ್ತಿದಳು. ಅವನ ಬಲಗೈಗೆ ಬ್ಯಾಂಡೇಜು. ಹಿಂದಿನ ದಿನ ಹಳೆಯ ಫ್ರಿಡ್ಜಿಗೆ ತಾನೇ ಗ್ಯಾಸ್ ತುಂಬಲು ಹೋಗಿದ್ದ. ಡಬ್ಬಿಯ ತಳ ಸೀಳಿ, ಚಿಮ್ಮಿದ ಗ್ಯಾಸಿನ ಶೀತಕ್ಕೆ ಬೆರಳುಗಳು ಬೆಂದಂತಾಗಿದ್ದವು.

"ಎರಡು ಬೆರಳು ಉಳಿಯೋದು ಅನುಮಾನ ಅಂತಾರೆ ಡಾಕ್ಟ್ರು. ಮೆಕ್ಯಾನಿಕ್ಕನ್ನ ಕರೀರಿ ಅಂತ ಬಡ್ಕೊಂಡೆ. ಇವರೇ ದೊಡ್ಡ ಇಂಜಿನಿಯರ್ರು."

"ಡಬ್ಬಿ ಎಲ್ಲಿ ತಗೊಂಡ್ರಿ?" ಇನ್ಸ್‌ಪೆಕ್ಟರ್ ಕೇಳಿದರು.

"ಗುಜರಿ ಅಂಗಡೀಲಿ ಮೇಡಂ," ಎಂದ ಗಂಡ, ನೆಲ ನೋಡುತ್ತ.

ಒಮ್ಮೆ ಬಳಸಿ ಬಿಸಾಡುವ ಡಬ್ಬಿಗಳಲ್ಲಿ ಇಂಥ ಗ್ಯಾಸ್ ಮಾರುವುದು ನಿಷೇಧವಾಗಿ ಕೆಲವು ವರ್ಷಗಳಾಗಿದ್ದವು. ಪರವಾನಗಿ ಇರುವ ಮೆಕ್ಯಾನಿಕ್ಕಿಗೆ ಮಾತ್ರ, ಅದೂ ದಪ್ಪ ಸಿಲಿಂಡರಿನಲ್ಲಿ ಕೊಡಬೇಕು. ಮನೆಯವರ ಕೈಗೆ ಕೊಡುವಂತಿಲ್ಲ. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಟೈಲರ್ ಮನೆಯ ಅಡುಗೆಕೋಣೆಯಲ್ಲಿ ಪಂಚನಾಮೆ ನಡೆಯಿತು. ಹೆಡ್ ಕಾನ್‌ಸ್ಟೇಬಲ್ ಹೇಳುತ್ತ ಹೋದ, ಕಿರಿಯವನು ಬರೆದುಕೊಂಡ. "ತಳ ತುಕ್ಕು ಹಿಡಿದು ಸೀಳಿದೆ. ಒಮ್ಮೆ ಖಾಲಿಯಾದ ಡಬ್ಬಿಗೆ ಮತ್ತೆ ತುಂಬಿದ ಗುರುತಿದೆ. ಬಾಯಿಯ ಹತ್ತಿರ ಕೆಂಪು ಚುಕ್ಕೆ... ಬಣ್ಣ ಅಂತ ಬರೀಲಾ ಮೇಡಂ?"

ಇನ್ಸ್‌ಪೆಕ್ಟರ್ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಉಗುರುಬಣ್ಣ ಅಂತ ಬರಿ."

ಇನ್ಸ್‌ಪೆಕ್ಟರ್ ಹುಟ್ಟಿ ಬೆಳೆದ ಬೀದಿಗೆಲ್ಲ ಒಂದೇ ಫ್ರಿಡ್ಜು ಇದ್ದ ಕಾಲವೊಂದಿತ್ತು. ಅದು ಅವರ ಮನೆಯದೇ. ಅಕ್ಕಪಕ್ಕದ ಮಕ್ಕಳು ಲೋಟ ಹಿಡಿದು ಐಸಿಗೆ ಸಾಲು ನಿಲ್ಲುತ್ತಿದ್ದರು. ಅದು ಕೆಟ್ಟರೆ ಸೈಕಲ್ಲಿನಲ್ಲಿ ಬರುತ್ತಿದ್ದ ಮೆಕ್ಯಾನಿಕ್ಕನೇ ಮಕ್ಕಳ ಐಸ್ ಮಾಮ. ಗ್ಯಾಸ್ ತುಂಬಿ, ಪೈಪಿನ ಬೆಸುಗೆಗೆ ಸೋಪಿನ ನೊರೆ ಹಚ್ಚಿ, ಒಂದು ಗುಳ್ಳೆಯೂ ಏಳದಿದ್ದರೆ ಜೇಬಿನಿಂದ ಹೆಂಡತಿಯ ಉಗುರುಬಣ್ಣದ ಸೀಸೆ ತೆಗೆದು ಒಂದು ಚುಕ್ಕೆ ಇಡುತ್ತಿದ್ದ. "ಇನ್ನು ಸೋರಲ್ಲ ಪುಟ್ಟಿ," ಎಂದು ಪಕ್ಕದಲ್ಲಿ ನಿಂತ ಆ ಮನೆಯ ಹುಡುಗಿಯ ಕಿರುಬೆರಳಿಗೂ ಒಂದು ಚುಕ್ಕೆ ಇಟ್ಟೇ ಏಳುತ್ತಿದ್ದ.

ಗುಜರಿಯವನು ಮೊದಲು ಕೈಯಲ್ಲಾಡಿಸಿದ. "ನಂಗೇನೂ ಗೊತ್ತಿಲ್ಲ, ಮೇಡಂ. ಯಾರೋ ಇಟ್ಟು ಹೋಗ್ತಾರೆ."

"ಸೈಕಲ್ಲಲ್ಲಿ ಬರ್ತಾರಾ?"

ಅವನು ತಲೆ ಕೆರೆದುಕೊಂಡ. "ನಿಮಗೆ ಗೊತ್ತಿದ್ದ ಮೇಲೆ ನನ್ನ ಯಾಕೆ ಕೇಳ್ತೀರಾ?"

ಸಂಜೆ ಐದಕ್ಕೆ ಜೀಪು ಐಸ್ ಮಾಮನ ಶೆಡ್ಡಿನ ಮುಂದೆ ನಿಂತಿತು. ಒಳಗೆ ಬಾಗಿಲು ಕಳಚಿದ ಫ್ರಿಡ್ಜುಗಳು, ತಾಮ್ರದ ಸುರುಳಿಗಳು, ಬೆಂಚಿನ ಮೇಲೆ ಹಳೆಯ ಡಬ್ಬಿಗಳು. ಮುದುಕ ಕನ್ನಡಕ ಮೇಲಕ್ಕೆ ಸರಿಸಿ ನೋಡಿದ.

"ಪುಟ್ಟಿ ಅಲ್ವಾ? ಅಮ್ಮನ ಫ್ರಿಡ್ಜು ನಡೀತಿದೆಯಾ?"

"ನಡೀತಿದೆ, ಮಾಮ." ಅವರು ಟೋಪಿ ತೆಗೆಯಲಿಲ್ಲ. "ಈ ಡಬ್ಬಿ ನಿಮ್ಮದಾ?"

ಮುದುಕ ಅದನ್ನು ತಿರುಗಿಸಿ ಚುಕ್ಕೆ ನೋಡಿದ, ಆಮೇಲೆ ತಳ ನೋಡಿದ. "ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಒಬ್ಬರ ಎರಡು ಬೆರಳು ಹೋಗೋ ಹಾಗಿದೆ."

ಅವನು ಸ್ಟೂಲಿನ ಮೇಲೆ ಕೂತ. "ಬಾಯಿಗೆ ನೊರೆ ಹಚ್ಚಿ ನೋಡಿದ್ದೆ. ತಳ ನೋಡ್ಲಿಲ್ಲ. ಪೈಪಿನ ಬೆಸುಗೆ ನೋಡೋ ಅಭ್ಯಾಸ."

"ಪರವಾನಗಿ?"

"ಪರೀಕ್ಷೆಗೆ ಹೋಗ್ಲಿಲ್ಲ. ಈ ವಯಸ್ಸಲ್ಲಿ ಹುಡುಗರ ಜೊತೆ ಬೆಂಚಲ್ಲಿ ಕೂರೋದಾ ಅನ್ನಿಸ್ತು."

"ಹಾಗಾದ್ರೆ ಗ್ಯಾಸು?"

"ಸತ್ತ ಫ್ರಿಡ್ಜುಗಳಿಂದ ಇಳಿಸಿಕೊಂಡದ್ದು. ನಾನೇ ಹೋಗಿ ತುಂಬಿದ್ರೆ ಸಿಕ್ಕಿಬೀಳ್ತೀನಿ ಅಂತ ಡಬ್ಬಿಗೆ ತುಂಬಿ ಗುಜರಿ ಅಂಗಡೀಲಿ ಇಟ್ಟು ಬಂದೆ."

"ಸಿಕ್ಕಿಬೀಳಬಾರದು ಅಂದ್ಮೇಲೆ ಚುಕ್ಕೆ ಯಾಕಿಟ್ರಿ?" ಹೆಡ್ ಕಾನ್‌ಸ್ಟೇಬಲ್ ತಡೆಯಲಾರದೆ ಕೇಳಿದ.

"ನೋಡಿದೀನಿ ಅಂತ ಗುರುತು ಬೇಡ್ವೇನಪ್ಪಾ? ಚುಕ್ಕೆ ಇಲ್ದೆ ಸಾಮಾನು ಹೊರಗೆ ಹೋಗೋದು ಹೇಗೆ?"

ಬಂಧನದ ಕಾಗದಕ್ಕೆ ಸಹಿ ಹಾಕುವಾಗ ಅವನು ತಾನಾಗಿಯೇ ಹೇಳಿದ. ತಾನು ಮೂವತ್ತು ವರ್ಷ ಉಳಿಸಿಕೊಂಡು ಬಂದ ಫ್ರಿಡ್ಜುಗಳು ಒಂದೊಂದಾಗಿ ಗುಜರಿಗೆ ಹೋಗುತ್ತಿದ್ದವು. ಅವು ಇರುವವರೆಗೆ ಈ ಊರಿನ ಮನೆಗಳಲ್ಲಿ ತನ್ನ ಕೆಲಸ ಇನ್ನೂ ಮುಗಿದಿಲ್ಲ ಎಂದು ಅವನಿಗೆ ಅನ್ನಿಸುತ್ತಿತ್ತು. ಕರೆಯುವವರು ಮಾತ್ರ ಯಾರೂ ಇರಲಿಲ್ಲ.

ಕಾನ್‌ಸ್ಟೇಬಲ್ ಬೆಂಚಿನ ಸಾಮಾನುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿ ಮೊಹರು ಮಾಡತೊಡಗಿದ. ಕೊನೆಯಲ್ಲಿ ಉಗುರುಬಣ್ಣದ ಸೀಸೆ ಬಂತು. ತಳದಲ್ಲಿ ಒಂದಿಷ್ಟೇ ಉಳಿದಿತ್ತು. ಮುದುಕನ ಹೆಂಡತಿ ತೀರಿಕೊಂಡ ವರ್ಷ ಕೊಂಡಿದ್ದು.

"ಪುಟ್ಟಿ, ಅದರ ಮುಚ್ಚಳ ಸ್ವಲ್ಪ ಬಿಗಿ ಮಾಡಮ್ಮ. ಒಣಗಿಹೋಗುತ್ತೆ."

ಇನ್ಸ್‌ಪೆಕ್ಟರ್ ಸೀಸೆ ತೆಗೆದುಕೊಂಡು, ಮುಚ್ಚಳ ಇನ್ನು ತಿರುಗುವುದಿಲ್ಲ ಎನ್ನುವವರೆಗೆ ತಿರುಗಿಸಿ, ಚೀಲದೊಳಗೆ ನಿಲ್ಲಿಸಿದರು.