ಮೂವತ್ತೊಂಬತ್ತು ಅಂಕಿಯ ಸಂಖ್ಯೆ

ಮಂಗಳವಾರ ಬೆಳಿಗ್ಗೆ ಪಿರೋಶ್ಕಾ ಮೇಜಿನ ಡ್ರಾಯರ್ ಎಳೆದಳು. ನೋಟುಬುಕ್ಕು ಇರಲಿಲ್ಲ.

ಬೀಗ ಒಡೆದಿರಲಿಲ್ಲ. ಆಕೆ ಕಿರುಚಲೂ ಇಲ್ಲ; ಕೋಟು ಬಿಚ್ಚದೆ ಕುರ್ಚಿಯಲ್ಲಿ ಕುಸಿದಳು. ಸೆಗೆಡ್ ಊರಿನ ಆ ಸಣ್ಣ ಗಣಿತ ಸಂಸ್ಥೆಯಲ್ಲಿ ಹಿಡಿಕೆ ತಿರುಗಿಸುವ ಲೆಕ್ಕದ ಯಂತ್ರದ ಮುಂದೆ ಕೂತು ಅಲ್ಲಿನ ಗಣಿತಜ್ಞರಿಗೆ ಲೆಕ್ಕ ಹಾಕಿಕೊಡುವುದು ಆಕೆಯ ಕೆಲಸ. ಬಿಡುವಿನಲ್ಲಿ ಮಾಡಿದ ಹನ್ನೊಂದು ವರ್ಷದ ದುಡಿಮೆ ಆ ನೋಟುಬುಕ್ಕಿನಲ್ಲಿತ್ತು.

ಇನ್ಸ್‌ಪೆಕ್ಟರ್ ಕೆರ್ತೇಸ್ ಬಂದರು. ನಿವೃತ್ತಿಗೆ ನಾಲ್ಕು ತಿಂಗಳು. ಮೆಟ್ಟಿಲು ಹತ್ತಿದ್ದಕ್ಕೇ ಮೊಣಕಾಲು ನೋಯುತ್ತಿತ್ತು.

"ಏನಿತ್ತಮ್ಮಾ ಅದರಲ್ಲಿ?"

"ಒಂದು ಸಂಖ್ಯೆ. ಮೂವತ್ತೊಂಬತ್ತು ಅಂಕಿಯದು. ಅದು ಎರಡು ಸಣ್ಣ ಸಂಖ್ಯೆಗಳಾಗಿ ಒಡೆಯುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಯಾವ ಎರಡನ್ನ ಗುಣಿಸಿದ್ರೆ ಅದು ಬರುತ್ತೆ ಅಂತ ಮಾತ್ರ ಯಾರಿಗೂ ಗೊತ್ತಿರ್ಲಿಲ್ಲ."

"ಹಂಗೂ ಇರುತ್ತಾ?"

"ಕೊಲೆ ಆಗಿದೆ ಅಂತ ಗೊತ್ತು, ಮಾಡಿದ್ದು ಯಾರು ಅಂತ ಗೊತ್ತಿಲ್ಲ — ನಿಮ್ಮಲ್ಲಿ ಇರಲ್ವಾ?"

ಕೆರ್ತೇಸ್ ನಕ್ಕರು. "ಸರಿ. ನಿಮಗೆ ಸಿಕ್ತಾ?"

"ಭಾನುವಾರ. ಉತ್ತರ ಬಾಯಿಪಾಠ ಇದೆ. ಆದ್ರೆ ನಾನೇ ಕಂಡುಹಿಡಿದೆ ಅನ್ನೋಕೆ ಸಾಕ್ಷಿ ಆ ನೋಟುಬುಕ್ಕೊಂದೇ."

ಆ ಡ್ರಾಯರಿನ ಬೀಗದ ಕೈ ಇನ್ನಿಬ್ಬರ ಬಳಿಯೂ ಇತ್ತು. ನಿರ್ದೇಶಕ ಗ್ಯಾರ್ಮತಿ ಸಿಡುಕಿದರು: "ನನಗ್ಯಾಕ್ರೀ ಕದಿಯೋ ಕರ್ಮ? ಲೇಖನ ಹೇಗೂ ನನ್ನ ಹೆಸರಲ್ಲೇ ಬರ್ತಿತ್ತು." ಅಧ್ಯಾಪಕ ಅಂಬ್ರುಶ್ ಭುಜ ಕುಣಿಸಿದ: "ವಯಸ್ಸಾಯ್ತು ಆಕೆಗೆ. ಎಲ್ಲೋ ಮರೆತಿರ್ತಾರೆ."

ಶುಕ್ರವಾರ ಅದೇ ಅಂಬ್ರುಶ್ ನಿರ್ದೇಶಕರ ಮೇಜಿನ ಮೇಲೆ ಲೇಖನ ಇಟ್ಟ. ಎರಡು ಸಂಖ್ಯೆಗಳೂ ಅದರಲ್ಲಿದ್ದವು. ತನ್ನದೇ ವಿಧಾನವಂತೆ!

"ಏನೂ ಮಾಡೋಕಾಗಲ್ಲ ಇನ್ಸ್‌ಪೆಕ್ಟರೇ," ಎಂದರು ಗ್ಯಾರ್ಮತಿ. "ಯಾರು ಕಂಡುಹಿಡಿದ್ರೂ ಉತ್ತರ ಒಂದೇ ತಾನೆ?"

ನಿಜವೇ. ಕೆರ್ತೇಸ್ ಪಿರೋಶ್ಕಾಳತ್ತ ತಿರುಗಿದರು. "ಸಿಕ್ಕಿದ್ದನ್ನ ಯಾರಿಗಾದ್ರೂ ಹೇಳಿದ್ರಾ?"

"ತಂಗಿಗೆ. ಮಾಕೋದಲ್ಲಿದ್ದಾಳೆ. ಎರಡೂ ಸಂಖ್ಯೆ ಬರೆದು ಕಾರ್ಡ್ ಹಾಕಿದ್ದೆ."

ಶನಿವಾರ ಕೆರ್ತೇಸ್ ಬಸ್ಸಿನಲ್ಲಿ ಕುಲುಕಾಡುತ್ತ ಮಾಕೋಗೆ ಹೋಗಿಬಂದರು. ಸೋಮವಾರ ಮೂವರನ್ನೂ ಕೂರಿಸಿದರು.

"ಅಮ್ಮಾ, ಅಂಬ್ರುಶ್ ಅವರ ಉತ್ತರ ಸರೀನಾ ಅಂತ ಇನ್ನೂ ಯಾರೂ ನೋಡಿಲ್ಲ. ಇವರ ಎರಡು ಸಂಖ್ಯೆ ಗುಣಿಸಿ."

ಯಂತ್ರ ಅರ್ಧ ಗಂಟೆ ಕಿರುಗುಟ್ಟಿತು. ಪಿರೋಶ್ಕಾ ಹಿಡಿಕೆ ಬಿಟ್ಟಳು. "ತಾಳೆ ಬರ್ತಿಲ್ಲ."

ಅಂಬ್ರುಶ್ ಎದ್ದುನಿಂತ. "ಸಾಧ್ಯವೇ ಇಲ್ಲ! ಅಂಕಿಗಳನ್ನ ಕೂಡಿ, ಒಂಬತ್ತರಿಂದ ಭಾಗಿಸಿ, ಉಳಿದದ್ದನ್ನ ತಾಳೆ ನೋಡಿದೀನಿ!"

"ಇಲ್ಲಿ ನಡುವೆ 4739 ಅಂತಿದೆ. 4379 ಆಗ್ಬೇಕು," ಎಂದಳು ಆಕೆ. "ಅಂಕಿ ಅದಲುಬದಲಾದ್ರೆ ಕೂಡಿದ ಮೊತ್ತ ಬದಲಾಗಲ್ಲ. ಒಂಬತ್ತರ ತಾಳೆಗೆ ಆ ತಪ್ಪು ಸಿಕ್ಕಲ್ಲ."

ಕೆರ್ತೇಸ್ ಮಾಕೋದಿಂದ ತಂದ ಕಾರ್ಡನ್ನು ಮೇಜಿನ ಮೇಲಿಟ್ಟರು. ಕಳ್ಳತನದ ಹಿಂದಿನ ದಿನದ ಅಂಚೆ ಮುದ್ರೆ. ಅದರಲ್ಲೂ 4739!

ಪಿರೋಶ್ಕಾಳ ಮುಖ ಬಾಡಿತು. "ಅಯ್ಯೋ... ನೋಟುಬುಕ್ಕಿಗೆ ಇಳಿಸುವಾಗ ಕಣ್ಣು ಮಂಜಾಗಿತ್ತು. ಅದನ್ನೇ ನೋಡಿ ಕಾರ್ಡಿಗೂ ಬರೆದೆ."

"ಸರಿ ಉತ್ತರ ಯಾರಿಗಾದ್ರೂ ಸಿಗಬಹುದು," ಎಂದರು ಕೆರ್ತೇಸ್. "ಅದೇ ಜಾಗದಲ್ಲಿ ಅದೇ ತಪ್ಪು? ಅದು ನೋಟುಬುಕ್ ನೋಡಿ ಬರೆದವನಿಗೆ ಮಾತ್ರ. ಪೂರ್ತಿ ಗುಣಿಸಿ ನೋಡಿದ್ರೆ ಉಳಕೊಳ್ತಿದ್ರಿ ಅಂಬ್ರುಶ್. ಯಾಕೆ ನೋಡಲಿಲ್ಲ?"

ಅಂಬ್ರುಶ್ ತಲೆ ತಗ್ಗಿಸಿದ. "ಗುಣಾಕಾರ... ಅದು ಆಕೆಯ ಕೆಲಸ."

"ನೋಟುಬುಕ್ ಎಲ್ಲಿ?"

"ಒಲೆಗೆ ಹಾಕಿದೆ."

ಗ್ಯಾರ್ಮತಿ ಲೇಖನ ಎಳೆದುಕೊಂಡು ಅಂಬ್ರುಶ್‌ನ ಹೆಸರು ಹೊಡೆದುಹಾಕಿದರು. ಅದರ ಮೇಲೆ ತಮ್ಮದನ್ನು ಬರೆಯಲು ಪೆನ್ನು ಊರಿದರು.

ಪಿರೋಶ್ಕಾ ಕೈ ಚಾಚಿದಳು. "ಇಲ್ಲಿ ಕೊಡಿ."

"ನೋಡಿ, ಸಂಸ್ಥೆಯ ಪದ್ಧತಿ..."

"ಸಂಸ್ಥೆ ಹಿಡಿಕೆ ತಿರುಗಿಸಲಿಲ್ಲ."

ಆಕೆ ಪೆನ್ನು ತೆಗೆದುಕೊಂಡು ನಿಧಾನವಾಗಿ, ಒಂದೊಂದೇ ಅಕ್ಷರ ಪರೀಕ್ಷಿಸುತ್ತ ತನ್ನ ಪೂರ್ತಿ ಹೆಸರು ಬರೆದಳು: ಹಲ್ಮೋಶ್ ಪಿರೋಶ್ಕಾ.