ಕೂಗುಗಂಬ

ಬೆಳಕು ಹರಿಯುವ ಮುನ್ನ ಕೂಗುಗಂಬ ಎಂದಿನಂತೆ ಕೂಗಿತು. "ಹೂಂ..." ಎಂಬ ತಗ್ಗು ದನಿ, ಗಡಿಗೆಯೊಳಗಿಂದ ಕರೆದ ಹಾಗೆ. ಸಿರುಗುಪ್ಪದ ಎರೆಬಯಲಿನಲ್ಲಿ ಕಂಬದ ಬುಡಕ್ಕೆ ಕೂತಿದ್ದ ವಿಜ್ಞಾನಿ ನೀಲಗಂಗಾ ಉಸಿರು ಬಿಗಿಹಿಡಿದಳು. ತುಸು ಹೊತ್ತಿಗೆ ಪೂರ್ವದ ಕಡೆಯಿಂದ ಉತ್ತರ ಬಂತು.

ಒಣನಾಡಿನಲ್ಲಿ ಸೌರ ಸ್ಥಾವರಕ್ಕೆ ಜಾಗ ಹುಡುಕುವುದು ಆ ಕಾಲಕ್ಕೆ ದೊಡ್ಡ ಮಾತಾಗಿರಲಿಲ್ಲ. ಬಿಸಿಲು, ಇಳಿಜಾರು, ಧೂಳು, ಎಲ್ಲವನ್ನೂ ಉಪಗ್ರಹವೇ ಅಳೆದು ಹೇಳುತ್ತಿತ್ತು. ಬಯಲು ನಿಜಕ್ಕೂ ಖಾಲಿಯೇ ಎಂಬುದನ್ನು ಮಾತ್ರ ಅದು ಹೇಳಲಾರದು. ಅದಕ್ಕೆಂದೇ ನೀಲಗಂಗಾ ಈ ಕಂಬ ಮಾಡಿದ್ದಳು. ಅದು ಹುಲ್ಲುಗಾವಲಿನ ದೊಡ್ಡ ಹಕ್ಕಿ ಎರೆಭೂತದ ದನಿಯಲ್ಲಿ ಕೂಗಿ ಉತ್ತರಕ್ಕೆ ಕಾಯುತ್ತಿತ್ತು. ಅದೇ ಕೂಗು ಕೇಳಿ ಹಕ್ಕಿಗೆ ಬೇಸರವಾಗದಿರಲೆಂದು ಪ್ರತಿ ಸಲ ದನಿಯನ್ನು ಚೂರು ಬದಲಿಸುತ್ತಿತ್ತು. ಭಾರದ ಹಕ್ಕಿ, ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಹಾಗಾಗಿ ಉತ್ತರ ಬಂದ ಕಡೆ ಸೌರಫಲಕ ಹಾಕುವಂತಿರಲಿಲ್ಲ. ಉತ್ತರ ಬಂದದ್ದು ಇಡೀ ರಾಜ್ಯದಲ್ಲಿ ಇದೊಂದೇ ಬಯಲಿನಲ್ಲಿ.

ಆ ಹಕ್ಕಿಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ನೀಲಗಂಗಾ ಚಿಕ್ಕಂದಿನಿಂದ ಹಂಬಲಿಸಿದ್ದಳು. ಮದುವೆಯ ಮಾತೆತ್ತಿದವರಿಗೆ, "ಮೊದಲು ಅವನನ್ನ ನೋಡಿ ಬರ್ತೀನಿ" ಎಂದು ನಗುತ್ತಿದ್ದಳು. ಹಕ್ಕಿ ಬೆದರೀತೆಂದು ಇಷ್ಟು ವರ್ಷ ಯಾರನ್ನೂ ಅತ್ತ ಬಿಟ್ಟಿರಲಿಲ್ಲ. ಈಗ ಸರ್ಕಾರ ಫೋಟೋ ಕೇಳಿತ್ತು. ಫೋಟೋ ಇಲ್ಲದಿದ್ದರೆ ಬಯಲು ಸ್ಥಾವರಕ್ಕೆ.

"ನಡೀರಿ ಅಕ್ಕಾರ," ಎಂದ ಕುರಿಗಾಹಿ ಮಾರೆಪ್ಪ. "ಅದರ ಪುಣ್ಯದಿಂದ ನಮ್ಮ ಕುರಿಗೆ ಹುಲ್ಲು ಉಳದೈತಿ. ನಾನೂ ಒಂದ್ಸಲ ಕೈ ಮುಗದು ಬರ್ತೀನಿ."

ಇಬ್ಬರೂ ಬಗ್ಗಿಕೊಂಡೇ ನಡೆದರು. ರಾಜ್ಯದ ಗಡಿಕಲ್ಲು ದಾಟಿ, ಜಾಲಿ ಪೊದೆ ಸರಿಸಿ ನೋಡಿದರೆ ಅಲ್ಲಿ ನಿಂತಿದ್ದದ್ದು ಇನ್ನೊಂದು ಕೂಗುಗಂಬ. ನೆರೆರಾಜ್ಯದವರು ಅವಳದೇ ವಿನ್ಯಾಸ ಪಡೆದು, ಎಲ್ಲಿ ಎಂದು ಅವಳಿಗೆ ತಿಳಿಸದೆ ನೆಟ್ಟದ್ದು. ಅದು "ಹೂಂ..." ಎಂದಿತು. ದೂರದಿಂದ ಅವಳ ಕಂಬ ಓಗೊಟ್ಟಿತು.

"ಇವೆರಡೂ ಒಂದನ್ನೊಂದು ಕರಕೊಂತ ನಿಂತಾವೇನ್ರಿ?"

ನೀಲಗಂಗಾಳಿಗೆ ನಗು ಬಂತು, ನಗುತ್ತಿದ್ದಂತೆಯೇ ಅಳು ಒತ್ತರಿಸಿತು. ಬದಲಾದ ದನಿಯನ್ನು ಎರಡು ಯಂತ್ರಗಳೂ ಹೊಸ ಹಕ್ಕಿಯೆಂದು ನಂಬಿದ್ದವು. ಅವಳೂ ನಂಬಿದ್ದಳು.

"ಯಾರಿಗೂ ಹೇಳಬ್ಯಾಡ್ರಿ," ಮಾರೆಪ್ಪ ಮೆಲ್ಲಗೆ ಅಂದ. "ನಾ ಏನೂ ನೋಡಿಲ್ಲ."

"ಈಗ ಸುಳ್ಳು ಹೇಳಿದರೆ, ಮುಂದೆ ಎಲ್ಲಾದರೂ ನಿಜವಾದ ಹಕ್ಕಿ ಕೂಗಿದಾಗ ನನ್ನ ಯಾರು ನಂಬ್ತಾರೆ ಮಾರೆಪ್ಪಣ್ಣ?"

ಅವನು ಕುಕ್ಕರಗಾಲಲ್ಲಿ ಕೂತು ಹುಲ್ಲನ್ನೊಮ್ಮೆ ಕೈಯಿಂದ ಸವರಿದ. ಆಮೇಲೆ, "ಖರೇ ಹಕ್ಕಿ ಕೂಗಿದ್ದು ಐತೇನ್ರಿ? ಅದನ್ನರ ಕೇಳಸ್ರಿ," ಎಂದ.

ಯಂತ್ರಕ್ಕೆ ಅವಳು ಬಳಸಿದ್ದು ಕತ್ತರಿಸಿದ ಒಂದು ತುಣುಕನ್ನು ಮಾತ್ರ. ಮೂಲದ ಧ್ವನಿಮುದ್ರಣ ಇದೇ ಬಯಲಿನದು, ಅವಳ ಅಜ್ಜಿ ಹರೆಯದಲ್ಲಿದ್ದಾಗ, ಇಪ್ಪತ್ತೊಂದನೇ ಶತಮಾನದ ಮೂರನೇ ದಶಕದಲ್ಲಿ ಮಾಡಿದ್ದು. ಕೊನೆಯವರೆಗೆ ಅವಳೂ ಕೇಳಿರಲಿಲ್ಲ. ಫೋನನ್ನು ಇಬ್ಬರ ನಡುವೆ ಇಟ್ಟಳು.

ಹಕ್ಕಿ ಕೂಗಿತು. ಗಾಳಿ ಬೀಸಿತು. ಮುದ್ರಣ ಮಾಡುತ್ತಿದ್ದವರಲ್ಲಿ ಯಾರೋ ಆಕಳಿಸಿ, "ಸಾಕು, ಆಫ್ ಮಾಡು ಮಾರಾಯ, ಚಹಾ ಕುಡಿಯೋಣ" ಎಂದ. ಅವನ ಮಾತಿನ ಹಿಂದೆ, ಬಯಲಿನ ಆಚೆಯಿಂದ, ಇನ್ನೊಂದು ಹಕ್ಕಿ ಉತ್ತರ ಕೊಡುತ್ತಿತ್ತು.