ಮನೆಗೆ ಕಳೆ ಬಂತು

ಸಹಿ ಹಾಕುವುದಿಲ್ಲ ಎಂದು ಅಕ್ಕ ಮೂರು ಸಲ ಹೇಳಿದ್ದಳು. ಮೂರನೆಯ ಸಲ ಮಾರಾಟದ ಕಾಗದವನ್ನು ಓದಲೂ ಇಲ್ಲ. ಅದು ಹಾರಿಹೋಗದಂತೆ ಮೇಲೆ ತನ್ನ ಕನ್ನಡಕ ಇಟ್ಟು, ಬಟ್ಟೆಯ ಬಕೆಟ್ ಎತ್ತಿಕೊಂಡು ಮಹಡಿ ಹತ್ತಿದಳು. "ನಾನು ಸತ್ತ ಮೇಲೆ ಏನು ಬೇಕಾದ್ರೂ ಮಾಡ್ಕೋ ಪುಟ್ಟ" ಎಂದಳು ಮೆಟ್ಟಿಲ ಮೇಲಿಂದ. ಪುಟ್ಟನಿಗೆ ಐವತ್ತೆರಡು ವರ್ಷ. ಅವಳು ನಗುತ್ತಾ ಆಡಿದ ಮಾತನ್ನು ಅವನು ಸಲಹೆಯೆಂದು ತೆಗೆದುಕೊಂಡ.

ಹಾಸಿಗೆ ಹಿಡಿದ ಅಪ್ಪನನ್ನು ಆ ಮನೆಯಲ್ಲಿ ಹನ್ನೊಂದು ವರ್ಷ ನೋಡಿಕೊಂಡವನು ಅವನೊಬ್ಬನೇ. ಅಪ್ಪ ಹೋದ ಮರುತಿಂಗಳು, ಗಂಡನನ್ನು ಕಳೆದುಕೊಂಡ ಅಕ್ಕ ಎರಡು ಪೆಟ್ಟಿಗೆ ಹಿಡಿದು ಬಂದಳು. ಅರ್ಧ ಮನೆ ಅವಳದಾಯಿತು. ಅವನಿಗೆ ಬೇಕಾಗಿದ್ದುದು ಮೆಟ್ಟಿಲಿಲ್ಲದ, ಯಾರೂ ಕೆಮ್ಮಿ ನರಳಿರದ ಎರಡು ಕೋಣೆ. ಅಕ್ಕನ ಮೇಲೆ ಸಿಟ್ಟಿರಲಿಲ್ಲ. ಎಷ್ಟೋ ದಿನದಿಂದ ಅವನೊಳಗೆ ಏನೂ ಇರಲಿಲ್ಲ.

ಅವನ ಕೆಲಸ ವಿಮಾ ಕಚೇರಿಯಲ್ಲಿ. ಇಪ್ಪತ್ತಾರು ವರ್ಷದಿಂದ ಬಿದ್ದು ಸತ್ತವರ ಕಡತಗಳನ್ನೇ ಓದುತ್ತಿದ್ದ. ಏಣಿಯಿಂದ ಬಿದ್ದವರು, ಬಚ್ಚಲಲ್ಲಿ ಜಾರಿದವರು, ತಾರಸಿಯಿಂದ ಉರುಳಿದವರು, ಅವರ ನಡುವೆ ಆಗೊಬ್ಬ ಈಗೊಬ್ಬ ತಳ್ಳಿಸಿಕೊಂಡವರು. ತಳ್ಳಿದವರು ಸಿಕ್ಕಿಬೀಳುತ್ತಿದ್ದುದು ಅತಿ ಮಾಡಿ: ಗರಗಸದ ಗುರುತು ಬಿಟ್ಟರು, ಎಣ್ಣೆ ಚೆಲ್ಲಿದರು, ಇಲ್ಲವೇ ಹೆಚ್ಚು ಅತ್ತರು. ತುಕ್ಕಿನ ಮೇಲೆ ಮಾತ್ರ ಈವರೆಗೆ ಯಾರೂ ಕೇಸು ಹಾಕಿರಲಿಲ್ಲ.

ಮೊದಲು ಬ್ರೋಕರನನ್ನು ಕರೆಸಿದ. ಬ್ರೋಕರ್ ರಸ್ತೆಯ ಆಚೆ ನಿಂತು ಮನೆಯನ್ನು ನೋಡಿ ಮೂಗು ಮುರಿದ. ಒಳಗೆ ಕಾಲಿಡುವ ಮುಂಚೆಯೇ ಬಂದವರು ಮನಸ್ಸಿನಲ್ಲಿ ಬೆಲೆ ಕಟ್ಟಿಬಿಡುತ್ತಾರೆ, ಹೊರಗಡೆಗೆ ಖರ್ಚು ಮಾಡಿ ಎಂದ. ಗೋಡೆಗೆ ತಿಳಿ ಬಣ್ಣ, ಬಾಗಿಲ ಇಕ್ಕೆಲದಲ್ಲಿ ದೀಪ, ಅಂಗಳಕ್ಕೆ ಕಲ್ಲುಹಾಸು, ಬಾಲ್ಕನಿಯ ರೇಲಿಂಗಿಗೆ ಹೊಳೆಯುವ ಕಪ್ಪು. "ಮೊದಲು ಆ ಗೇಟು ತೆಗೆಸಿ ಸಾರ್. ಇಂಥ ಬಣ್ಣ ಊರಲ್ಲಿ ಇನ್ನೆಲ್ಲೂ ಇಲ್ಲ."

ಇರಲಿಲ್ಲ ನಿಜ. ಅಪ್ಪ ಡಬ್ಬಿಗಳ ತಳದಲ್ಲಿ ಉಳಿದಿದ್ದ ನೀಲಿ, ಹಳದಿ, ಕಾವಿಗಳನ್ನು ಒಟ್ಟಿಗೆ ಕಲಸಿ ಬಳಿದಿದ್ದ. ಬೀದಿಯವರಿಗೆ ಅದು ಪಾಚಿ ಗೇಟಿನ ಮನೆ.

ಮಾರಲು ಒಪ್ಪದ ಅಕ್ಕ ಬಣ್ಣ ಹೊಡೆಸಲು ಕೂಡಲೇ ಒಪ್ಪಿದಳು. ತಮ್ಮನಿಗೆ ಕೊನೆಗೂ ಮನೆಯ ಮೇಲೆ ಮನಸ್ಸು ಬಂತು ಎಂದು ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡಳು. ಗೇಟಿನ ವಿಷಯಕ್ಕೆ ಮಾತ್ರ ಎರಡು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ನಿನ್ನಿಷ್ಟ ಎಂದಳು. ಗುಜರಿಯವನು ಗೇಟನ್ನು ಬಿಚ್ಚಿ ಗಾಡಿಗೆ ಹಾಕುವಾಗ ಅದರ ನಾಲ್ಕು ಬೋಲ್ಟುಗಳನ್ನು ಕೇಳಿ ಪಡೆದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟಳು. ಅಪ್ಪನ ನೆನಪಿಗಂತೆ. ಬೋಲ್ಟಿನಲ್ಲಿ ಎಂಥ ಅಪ್ಪ ಎಂದುಕೊಂಡ ಪುಟ್ಟ.

ಆದರೆ ಆ ಬೋಲ್ಟುಗಳನ್ನು ಅವನು ಚೆನ್ನಾಗಿ ನೋಡಿಕೊಂಡ. ತುಕ್ಕು ಥ್ರೆಡ್ಡನ್ನೆಲ್ಲ ತಿಂದುಹಾಕಿತ್ತು. ಗೇಟನ್ನೂ ರೇಲಿಂಗನ್ನೂ ಮಾಡಿದವನು ಒಬ್ಬನೇ ವೆಲ್ಡರ್, ಬೋಲ್ಟಿನ ಅಳತೆಯೂ ಒಂದೇ.

ಪೇಂಟರ್ ಅದೇ ಬೀದಿಯವನು, ಹತ್ತು ದಿನ ಕೆಲಸ ಮಾಡಿದ. ಯಾವುದನ್ನು ಮುಟ್ಟುವ ಮುಂಚೆಯೂ ಹೆಬ್ಬೆರಳ ಉಗುರಿನಿಂದ ಒಂದು ಚೂರು ಕೆರೆದು, ಒಳಗೆ ಎಷ್ಟು ಕೋಟು ಇದೆ ಎಂದು ನೋಡುವುದು ಅವನ ಅಭ್ಯಾಸ. ರೇಲಿಂಗಿಗೆ ಹಿಂದೆ ಬಳಿದಿದ್ದು ಒಂದೇ ಕೋಟು, ಬರೀ ಕಪ್ಪು, ಕೆಲಸ ಸಲೀಸು ಎಂದು ಖುಷಿಪಟ್ಟ. ಹೋಗುವಾಗ ಉಳಿದ ಕಪ್ಪು ಬಣ್ಣವನ್ನು ಕಿಟಕಿಯ ಮೇಲಿಟ್ಟು ಹೋದ. ಅಕ್ಕ ರಸ್ತೆಯ ಆಚೆ ಹೋಗಿ ನಿಂತು ನೋಡಿ ಬಂದಳು. "ಮನೆಗೆ ಕಳೆ ಬಂತು ಕಣೋ" ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಅವನು ಹೌದು ಎಂದ.

ಭಾನುವಾರ ಮಧ್ಯಾಹ್ನ ಅಕ್ಕ ಗೆಳತಿಯ ಮನೆಗೆ ಹೋದಾಗ ರೇಲಿಂಗಿನ ನಾಲ್ಕು ಬೋಲ್ಟು ಬಿಚ್ಚಿ, ಬಿಸ್ಕತ್ತಿನ ಡಬ್ಬಿಯ ನಾಲ್ಕನ್ನು ಅವುಗಳ ಜಾಗದಲ್ಲಿ ಕೂರಿಸಿದ. ತಲೆಗಳಿಗೆ ಉಳಿದ ಕಪ್ಪನ್ನು ಎರಡು ಸಲ ಬಳಿದ. ಅವಸರ ಮಾಡಲಿಲ್ಲ. ಬಿಚ್ಚಿದವು ಕಲ್ಲುಹಾಸಿನವರ ಲಾರಿಯಲ್ಲಿ ಕಸದೊಂದಿಗೆ ಹೋದವು. ಅಕ್ಕ ದಿನಾ ಹನ್ನೊಂದಕ್ಕೆ, ಬಾಲ್ಕನಿಗೆ ಬಿಸಿಲು ಬರುವ ಹೊತ್ತಿಗೆ, ರೇಲಿಂಗಿನ ಮೇಲೆ ಬಗ್ಗಿ ಹೊದಿಕೆ ಕೊಡವುತ್ತಿದ್ದಳು. ಆ ಹೊತ್ತಿಗೆ ಅವನು ಕಚೇರಿಯಲ್ಲಿ ಹತ್ತು ಜನರ ನಡುವೆ ಇರುತ್ತಿದ್ದ.

ಮಂಗಳವಾರ ಹನ್ನೊಂದೂ ಇಪ್ಪತ್ತಕ್ಕೆ ಪಕ್ಕದ ಮನೆಯವರ ಫೋನು ಬಂತು. ಅವನು ಪೆನ್ನಿನ ಮುಚ್ಚಳ ಹಾಕಿ ಎದ್ದ. ಅಕ್ಕ ಹೊಸ ಕಲ್ಲುಹಾಸಿನ ಮೇಲೆ, ಹೊದಿಕೆ ಕೈಯಲ್ಲಿ ಹಿಡಿದೇ ಸತ್ತುಬಿದ್ದಿದ್ದಳು. ಅವನಿಗೆ ಅಳು ಬರಲಿಲ್ಲ, ಬರಿಸಿಕೊಳ್ಳಲೂ ಹೋಗಲಿಲ್ಲ, ಅದು ಒಳ್ಳೆಯದೇ ಆಯಿತು. ಇನ್ಸ್‌ಪೆಕ್ಟರ್ ಕಿತ್ತುಬಂದ ರೇಲಿಂಗಿನ ಬೋಲ್ಟುಗಳನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿಟ್ಟು, ತಿಂದುಹೋದ ಥ್ರೆಡ್ ನೋಡಿ, "ಇದನ್ನ ನೋಡ್ದೇ ಬಣ್ಣ ಬಳಿದವನು ಯಾರು?" ಎಂದರು. ಈ ಪ್ರಶ್ನೆಯನ್ನೂ ಅವನು ಲೆಕ್ಕ ಹಾಕಿಟ್ಟಿದ್ದ. ಪೇಂಟರನ ನಂಬರು ಕೊಟ್ಟ. ಬೈಗುಳ ತಿಂದು ಹೋಗುತ್ತಾನೆ, ಅಷ್ಟೇ.

ಪೇಂಟರ್ ಬೆವರುತ್ತಾ ಬಂದ. ತಾನು ಒಂದೊಂದು ಬೋಲ್ಟನ್ನೂ ಕೆರೆದು ನೋಡಿದ್ದೆ, ಎಲ್ಲ ಗಟ್ಟಿಯಾಗಿದ್ದವು ಎಂದು ಕೈ ಮುಗಿದ. ಎಲ್ಲರೂ ಹಾಗೇ ಹೇಳುತ್ತಾರೆ ಎಂದರು ಇನ್ಸ್‌ಪೆಕ್ಟರ್. ಪೇಂಟರ್ ಬಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಅಭ್ಯಾಸಬಲದಿಂದ ಒಂದು ಬೋಲ್ಟಿನ ತಲೆಯನ್ನು ಉಗುರಿನಿಂದ ಕೆರೆದ. ಕಪ್ಪು ಸಿಪ್ಪೆಯಾಗಿ ಎದ್ದುಬಂತು. ಇನ್ನೊಂದನ್ನು ಕೆರೆದ. ಆಮೇಲೆ ತಲೆ ಎತ್ತಿ, ಯಾರ ಮೇಲೂ ತಪ್ಪು ಹೊರಿಸದ ದನಿಯಲ್ಲಿ, "ಸಾರ್, ಇದು ರೇಲಿಂಗಿಂದಲ್ಲ. ಒಳಗೆ ಪಾಚಿ ಬಣ್ಣ ಇದೆ. ಇದು ಗೇಟಿಂದು" ಎಂದ. ಅಂಗಳದಲ್ಲಿದ್ದ ಬೀದಿಯವರೆಲ್ಲ ಬಗ್ಗಿ ನೋಡಿದರು; ಯಾರಿಗೂ ಗುರುತು ಹೇಳಿಕೊಡಬೇಕಾಗಲಿಲ್ಲ. ಗೇಟಿನ ಬೋಲ್ಟು ಯಾರ ಹತ್ತಿರ ಇತ್ತು ಎಂದು ಇನ್ಸ್‌ಪೆಕ್ಟರ್ ಕೇಳಿದರು. ಪುಟ್ಟ ಆ ಬೋಲ್ಟುಗಳಲ್ಲಿ ನೋಡಿದ್ದು ತುಕ್ಕನ್ನು. ಅಕ್ಕ ಅವನ್ನು ಎತ್ತಿಟ್ಟಿದ್ದು ಬಣ್ಣಕ್ಕಾಗಿ.